ಬೀಗ ಹಾಕಿದ ಸಂಸ್ಕೃತಿ

ಬೀಗ ಹಾಕಿದ ಕಪಾಟು ಕಂಡರೆ ವಾದಕ್ಕಿಳಿಯುವುದು ನನ್ನ ಚಟ. ಒಳಗೆ ಬಂಗಾರವಿದ್ದರೆ ಬೀಗ ಇರಲಿ, ಕಾದಂಬರಿಗೆ ಯಾಕೆ?

ಏಕೀಕರಣವಾದ ಹೊಸತಿನಲ್ಲಿ ಇಂಡಿ ಊರಿನ ನಮ್ಮ ವಾಚನಾಲಯದ ಕಮಿಟಿಗೆ ಸಂಸ್ಕೃತಿಯ ಜ್ವರ ಬಂತು. ಅಲ್ಲಿಯವರೆಗೆ ಪುಸ್ತಕಗಳೆಲ್ಲ ಒಂದೇ ಹಲಗೆಯ ಮೇಲೆ, ಬಸ್ಸಿನಲ್ಲಿ ಕುಳಿತ ಮಂದಿಯಂತೆ, ಒಂದರ ಹೆಗಲಿಗೊಂದು ಒರಗಿಕೊಂಡಿದ್ದವು. ಅಧ್ಯಕ್ಷರಾದ ವಕೀಲರು ಮೂರು ಕಪಾಟು ತರಿಸಿ, ಬೀಗ ಹಾಕಿಸಿ, ಮೇಲೆ ಬಣ್ಣದಲ್ಲಿ ಬರೆಸಿದರು: ಹಿಂದೂ ಸಂಸ್ಕೃತಿ, ಮುಸ್ಲಿಂ ಸಂಸ್ಕೃತಿ, ಮರಾಠಿ ಸಂಸ್ಕೃತಿ. ನಿಂಬೆಗಿಡದ ರೋಗಗಳ ಪುಸ್ತಕ ಎಲ್ಲಿಡಬೇಕೆಂದು ಒಂದಿಡೀ ಸಂಜೆ ಚರ್ಚೆ ನಡೆದು, ಬರೆದವರ ಅಡ್ಡಹೆಸರು ನೋಡಿ ಅದನ್ನು ಹಿಂದೂ ಮಾಡಲಾಯಿತು. ರೋಗಕ್ಕೆ ಮಾತ್ರ ಈ ನಿರ್ಣಯವನ್ನು ಯಾರೂ ತಿಳಿಸಲಿಲ್ಲ. ನನಗೆ ಗೊತ್ತಿರುವ ಚಡಚಣದ ವ್ಯಾಪಾರಿಯೊಬ್ಬ ಮರಾಠಿಯಲ್ಲಿ ಲೆಕ್ಕ ಬರೆಯುತ್ತಾನೆ, ಕನ್ನಡದಲ್ಲಿ ಬೈಯುತ್ತಾನೆ, ಕವ್ವಾಲಿ ಕೇಳಿ ಅಳುತ್ತಾನೆ. ಅವನನ್ನು ಕೊಯ್ದು ಮೂರು ಕಪಾಟಿಗೆ ಹಂಚುವುದು ಕಮಿಟಿಗೆ ಹೊಳೆಯಲಿಲ್ಲ, ಅವನ ಪುಣ್ಯ.

ಇಷ್ಟೆಲ್ಲ ಆದಮೇಲೆ ಬಂದರು ನಿಂಬೆಹಣ್ಣಿನ ವ್ಯಾಪಾರಿ ದಸ್ತಗೀರ ಸಾಹೇಬರು. ಹಾಸಿಗೆ ಹಿಡಿದ ತಾಯಿಗೆ ಅವರು ಒಂದು ಕನ್ನಡ ಕಾದಂಬರಿ ಓದಿ ಹೇಳುತ್ತಿದ್ದರು. ಮದುವೆಯ ಚಪ್ಪರದೊಳಗೆ ಪೊಲೀಸರು ನುಗ್ಗಿದಲ್ಲಿಗೆ ಮೊದಲ ಭಾಗ ಮುಗಿದಿತ್ತು. ಎರಡನೆಯದು ಈಗ ಹಿಂದೂ ಕಪಾಟಿನೊಳಗೆ.

“ನಿಮ್ಮ ಸಂಸ್ಕೃತಿ ಆ ಕಪಾಟಿನ್ಯಾಗ ಐತ್ರಿ ಸಾಹೇಬ್ರ,” ಎಂದು ವಕೀಲರು ಉದಾರವಾಗಿ ಬೆರಳು ತೋರಿಸಿದರು.

“ಅದು ಉರ್ದು ಐತ್ರಿ. ನಾ ಕಲ್ತದ್ದು ಕನ್ನಡ ಸಾಲ್ಯಾಗ.”

“ಉರ್ದು ಕಲೀರಿ. ನಿಮ್ಮದು ನಿಮಗ ಬರಬೇಕು.”

“ಕಲೀತೇನ್ರಿ. ಅಲ್ಲೀತನಕ ನಮ್ಮ ಅಮ್ಮ ತಡೀಬೇಕಲ್ರಿ? ಆ ಹುಡುಗಿ ಲಗ್ನ ಆತೋ ಇಲ್ಲೋ ಅಂತ ಜೀವಾ ತಿನ್ನಾಕತ್ತಾಳ.”

ನನಗೆ ತಡೆಯಲಾಗಲಿಲ್ಲ. “ವಕೀಲ್ರ, ನಿಮ್ಮ ಕರೀ ಕೋಟು ಯಾವ ಕಪಾಟಿಂದ್ರಿ?” ಎಂದೆ.

“ಭಾಷಣದ ಬಹುಮಾನ ಬಂದೈತಿ ಅಂತ ಎಲ್ಲಾ ಕಡೆ ಬಾಯಿ ಹಾಕಬ್ಯಾಡ, ತಮ್ಮಾ.”

“ಹಂಗಾರ ಆ ಪುಸ್ತಕ ನನ್ನ ಹೆಸರಿಗೆ ಕೊಡ್ರಿ.”

ನನ್ನ ಅಡ್ಡಹೆಸರು ನೋಡಿ ಕೊಟ್ಟರು. ದೇವರಿಲ್ಲವೆಂದು ವಾದಿಸಿ ಆ ಬಹುಮಾನ ಗೆದ್ದವನಿಗೆ ಹಿಂದೂ ಸಂಸ್ಕೃತಿ ಮರುಮಾತಿಲ್ಲದೆ ಸಿಕ್ಕಿತು.

ಸಾಹೇಬರ ಮನೆಯಲ್ಲಿ ತೆರೆದು ನೋಡಿದರೆ, ಅಂಚು ಕತ್ತರಿಸದ ಹಾಳೆಗಳು ಅಚ್ಚುಕೂಟದಿಂದ ಬಂದಂತೆಯೇ ಒಂದಕ್ಕೊಂದು ಅಂಟಿಕೊಂಡಿದ್ದವು. ಇಷ್ಟು ಕಾವಲು ಕಾದ ವಾರಸುದಾರರಲ್ಲಿ ಒಬ್ಬನೂ ಅದನ್ನು ಓದಿರಲಿಲ್ಲ! ಸಾಹೇಬರು ಅಡಿಗೆಮನೆಯಿಂದ ಚೂರಿ ತಂದು ಹಾಳೆ ಬಿಡಿಸತೊಡಗಿದರು.

“ಮೆಲ್ಲಕ, ಬೇಟಾ,” ಎಂದರು ತಾಯಿ ಹಾಸಿಗೆಯಿಂದಲೇ. “ಪೊಲೀಸನ ಮೂಗು ಹೋದ್ರ ಹೋಗ್ಲಿ, ಹುಡುಗಿಗೆ ಪೆಟ್ಟಾದೀತು.”