ಮೂರನೆಯ ಬೇಡ

ಶವಸಂಸ್ಕಾರಕ್ಕೆ ಕೀರ್ತನೆಗಳನ್ನು ಆರಿಸಲು ಬಂದಿದ್ದ ಅಣ್ಣ ತಂಗಿಯ ಎದುರಿಗೇ ಅದು ನಡೆದುಹೋಯಿತು. ಚರ್ಚಿನ ಕಚೇರಿಯಲ್ಲಿ ಅವರ ತಾಯಿಯ ಹೆಸರನ್ನು ಟೈಪು ಮಾಡುತ್ತಿದ್ದ ಆರ್ಡಿಸ್ ಟಾಲೆಫ್ಸನ್, ಅಕ್ಷರ ಸರಿಯಿದೆಯೇ ನೋಡಿ ಎಂದು ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಆಗಲೇ ಮೂಲೆಯಿಂದ ಒಂದು ಚೌಕ ಮೇಲೆದ್ದು, ನಿಮ್ಮ ಊರಿನ ಒಂಟಿ ಗಂಡಸರು ನಿಮಗಾಗಿ ಕಾಯುತ್ತಿದ್ದಾರೆ ಎಂದಿತು. ಅದರ ಬೆನ್ನಿಗೆ ಮಂಡಿನೋವಿನ ಮುಲಾಮು. ಅದರ ಬೆನ್ನಿಗೆ ಕೆಂಪು ಅಕ್ಷರದಲ್ಲಿ, ಈ ಕಂಪ್ಯೂಟರಿಗೆ ಐದು ವೈರಸ್ ತಗುಲಿವೆ ಎಂಬ ಬೆದರಿಕೆ. ಅಣ್ಣ ಕೆಮ್ಮಿದ. ತಂಗಿ ಕಿಟಕಿಯಾಚೆಯ ಹಿಮವನ್ನು ನೋಡಿದಳು. ನಮ್ಮ ಪುಟ್ಟ ಊರು ಹೋಲ್ಮ್ ಪ್ರೇರಿಯಲ್ಲಿ ಇಂಥದ್ದು ನಡೆದಾಗ ಯಾರೂ ಅಲ್ಲೇ ಏನೂ ಅನ್ನುವುದಿಲ್ಲ. ಮನೆಗೆ ಹೋದಮೇಲೆ ಅನ್ನುತ್ತಾರೆ.

ಮರುದಿನ ಬೆಳಗ್ಗೆ ಕೆಫೆಯ ಉದ್ದನೆಯ ಮೇಜಿನಲ್ಲಿ ಬೇರೆ ಮಾತೇ ಇರಲಿಲ್ಲ. ಹೆಂಡತಿಯನ್ನು ಕಳೆದುಕೊಂಡಿದ್ದ ವರ್ಲಿನ್ ಬ್ರೆಕಿಗೆ ಯಾರೋ, "ಆರ್ಡಿಸ್ ಹತ್ರ ಕಾಯ್ತಿರೋರ ಪಟ್ಟಿ ಇದೆಯಂತೆ, ನಿನ್ನ ಹೆಸರೂ ಸೇರಿಸ್ಬಿಡು ಮಾರಾಯ" ಎಂದರು. ವರ್ಲಿನ್ ನಗಲಿಲ್ಲ. ಆತ ಚರ್ಚಿನ ಸಮಿತಿಯ ಅಧ್ಯಕ್ಷ, ಮೃದು ಮನಸ್ಸಿನ ಮನುಷ್ಯ. ಪಾಪ, ಆಕೆಗೆ ವಯಸ್ಸಾಯಿತು, ಭಾನುವಾರದ ಆರಾಧನೆಯಲ್ಲಿ ಹಂಚುವ ಹಾಳೆಯ ಕೆಲಸವನ್ನು ಪಕ್ಕದ ಊರಿನ ಮುದ್ರಣದವರಿಗೆ ಕೊಟ್ಟುಬಿಡೋಣ, ಬರುವ ಭಾನುವಾರವೇ ಸಭೆಯಲ್ಲಿ ಮಾತಾಡೋಣ ಎಂದ. ಎಲ್ಲರೂ ತಲೆಯಾಡಿಸಿದರು.

ಆ ಹಾಳೆ ಅಂದರೆ ಆರ್ಡಿಸ್. ಹೈನಿನ ಮನೆಯ ಮಗಳು, ಬೆಳಗಿನ ಜಾವ ಹಸು ಕರೆದ ಕೈಯಲ್ಲೇ ಶಾಲೆಗೆ ಹೋಗಿ ಟೈಪಿಂಗ್ ಕಲಿತವರು. ಮೂವತ್ತೆಂಟು ವರ್ಷಗಳ ಹಿಂದೆ ಕಚೇರಿಗೆ ಬಂದಾಗ ಅಲ್ಲಿದ್ದದ್ದು ಕೈಯಿಂದ ತಿರುಗಿಸುವ ಅಚ್ಚುಯಂತ್ರ. ವಾರವಿಡೀ ಅವರ ಬೆರಳು ನೀಲಿಯಾಗಿರುತ್ತಿತ್ತಂತೆ. ಈ ಊರಿನವರ ಹೆಸರು ಮೊದಲ ಸಲ ಅಚ್ಚಾಗುವುದೂ ಕೊನೆಯ ಸಲ ಅಚ್ಚಾಗುವುದೂ ಅವರ ಹಾಳೆಯಲ್ಲೇ. ದೀಕ್ಷಾಸ್ನಾನದ ದಿನ ಒಮ್ಮೆ, ಸತ್ತಾಗ ಒಮ್ಮೆ. ಒಂಬತ್ತು ವರ್ಷದ ಹಿಂದೆ ಗಂಡ ಆರ್ಲಿನ್ ತೀರಿಕೊಂಡಾಗಲೂ ಆ ಹಾಳೆಯನ್ನು ಟೈಪು ಮಾಡಿದವರು ಅವರೇ. ಅಂಚು ಎಷ್ಟು ಬಿಡಬೇಕೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳಿಲ್ಲ. ಎಪ್ಪತ್ತಾರರ ಅವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ ಎದ್ದು ಬೂಟು ಹಾಕಿಕೊಳ್ಳಲು ಇರುವ ಕಾರಣ ಆ ಕಚೇರಿಯೊಂದೇ.

ನಾನು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸಮಿತಿಯ ನಡಾವಳಿ ಬರೆಯುವವಳೂ ನಾನೇ. ಚಿಕ್ಕವಳಿದ್ದಾಗ ಭಾನುವಾರದ ಶಾಲೆಯಲ್ಲಿ ಅವರ ಕೈಕೆಳಗೆ ಕಲಿತದ್ದರಿಂದ ಇಂದಿಗೂ ಎದುರಿಗೆ ನನಗವರು ಮಿಸೆಸ್ ಟಾಲೆಫ್ಸನ್. ಅವರು ಫೋನು ಮಾಡಿ, ಮೊದಲು ಚಳಿಯ ಬಗ್ಗೆ, ಆಮೇಲೆ ನಮ್ಮಮ್ಮನ ಸೊಂಟದ ಬಗ್ಗೆ ವಿಚಾರಿಸಿ, ಇಡುವ ಹೊತ್ತಿಗೆ, ನಿನಗೆ ಬಿಡುವಿದ್ದರೆ ಒಮ್ಮೆ ಕಂಪ್ಯೂಟರ್ ನೋಡಬಹುದಿತ್ತು, ಬಿಡುವಿಲ್ಲದಿದ್ದರೆ ಖಂಡಿತ ಬೇಡ ಅಂದರು. ಅವರ ಬಾಯಲ್ಲಿ ಇಷ್ಟು ಬಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ. ಶುಕ್ರವಾರ ಮಧ್ಯಾಹ್ನ ಹೋದೆ.

ಸೆಟ್ಟಿಂಗುಗಳನ್ನು ತೆರೆದು ನೋಡಿದರೆ, ಪರದೆಯ ಮೂಲೆಯಲ್ಲಿ ಕರೆಯದೆ ಬಂದು ಮಾತಾಡಲು ಅನುಮತಿ ಪಡೆದಿದ್ದ ಜಾಲತಾಣಗಳು ನಲವತ್ತಮೂರು. ಅಡುಗೆಯವು, ಹೊಲಿಗೆಯವು, ಹವಾಮಾನದವು, ಯಾವುದಕ್ಕೂ ಸೇರದ ಹೆಸರಿನವು.

"ಇಷ್ಟು ಜನಾನ ಒಳಗೆ ಬಿಟ್ಟೋರು ಯಾರು, ಮಿಸೆಸ್ ಟಾಲೆಫ್ಸನ್?" ಎಂದು ನಗುತ್ತಲೇ ಕೇಳಿದೆ.

"ನಾನೇ ಕಣೆ, ಗ್ರೆಚನ್," ಅಂದರು. "ಸೂಚನೆ ಕಳಿಸ್ಲಾ ಅಂತ ಅವ್ರು ಕೇಳಿದ್ರು, ಬೇಡ ಅಂದೆ. ಮಾರನೇ ದಿನ ಮತ್ತೆ ಕೇಳಿದ್ರು, ಆಗ್ಲೂ ಬೇಡ ಅಂದೆ. ಮೂರನೇ ಸಲಾನೂ ಕೇಳಿದ್ಮೇಲೆ ಇನ್ನೇನು ಹೇಳೋದು?"

ನನ್ನ ನಗು ನಿಂತುಹೋಯಿತು. ಇಲ್ಲಿ ಯಾರೂ ಒಂದೇ ಮಾತಿಗೆ ಕಾಫಿ ಕುಡಿಯುವುದಿಲ್ಲ. ಮೊದಲ ಸಲ, ಬೇಡ, ಸುಮ್ಮನೆ ತೊಂದರೆ. ಎರಡನೆಯ ಸಲ, ನಿಜವಾಗಿಯೂ ಬೇಡ. ಮೂರನೆಯ ಸಲ, ಸರಿ, ಅರ್ಧ ಕಪ್ಪು. ಮೂರನೆಯದಕ್ಕೂ ಬೇಡ ಅಂದರೆ ಆ ಮನೆಯ ಮುಖಕ್ಕೆ ಹೊಡೆದ ಹಾಗೆ. ಅರ್ಧ ಗಂಟೆ ಮುಂಚೆ ಅವರ ನಿಂಬೆಯ ಸಿಹಿತುಂಡನ್ನು ನಾನೂ ಮೂರನೆಯ ಕರೆಗೇ ತೆಗೆದುಕೊಂಡಿದ್ದೆ.

ಅಲ್ಲಿ ಮನುಷ್ಯರೇ ಇಲ್ಲ, ಬೇಡ ಅಂದರೆ ನೊಂದುಕೊಳ್ಳುವವರು ಯಾರೂ ಇಲ್ಲ ಎಂದೆ. ಅವರು ಒಪ್ಪಲಿಲ್ಲ.

"ಆ ಮಾತನ್ನ ಯಾರೋ ಒಬ್ರು ಬರೆದಿರ್ತಾರಲ್ಲ?"

"ಬರೆದಿರ್ತಾರೆ. ನಿಮ್ಗೆ ಏನು ಬೇಕು ಅಂತ ತಿಳ್ಕೊಳೋಕಲ್ಲ. ಸುಸ್ತಾಗಿ ಹೂಂ ಅನ್ಲಿ ಅಂತ."

"ಹಾಗಾದ್ರೆ ಅದು ಉಪಚಾರ ಅಲ್ಲ," ಅಂದರು.

ವೈರಸ್ಸಿನ ಬೆದರಿಕೆಯ ಕೆಳಗೆ ಒಂದು ಫೋನ್ ಸಂಖ್ಯೆಯಿತ್ತು. ಇದಕ್ಕೆ ಕರೆ ಮಾಡಿದಿರಾ ಎಂದು ಹೆದರಿಕೊಂಡೇ ಕೇಳಿದೆ. ತಕ್ಷಣ ಮಾಡಿ ಎಂದು ಬರೆದಿತ್ತಂತೆ, ಆದರೆ ಆಗ ಮಧ್ಯಾಹ್ನದ ಹನ್ನೆರಡು, ಪಾಪ ಊಟಕ್ಕೆ ಕೂತಿರುತ್ತಾರೆಂದು ಸುಮ್ಮನಾದರಂತೆ. ಅಂತೂ ಅವರ ಮರ್ಯಾದೆಯೇ ಒಂದು ಕಡೆಯಾದರೂ ಅವರನ್ನು ಕಾಪಾಡಿತ್ತು.

ಒಂದೇ ಏಟಿಗೆ ಎಲ್ಲವನ್ನೂ ಅಳಿಸಿಬಿಡುತ್ತೇನೆಂದೆ. ಬೇಡ, ಒಳಗೆ ಬಿಟ್ಟವಳು ನಾನು, ನಾನೇ ಕಳಿಸುತ್ತೇನೆ ಎಂದು ಮೌಸು ಹಿಡಿದರು. ಮೊದಲ ಹತ್ತನ್ನು ಹೆಸರು ಓದಿ, ನಿಟ್ಟುಸಿರು ಬಿಟ್ಟು ತೆಗೆದರು. ಇಪ್ಪತ್ತರ ಹೊತ್ತಿಗೆ ಓದುವುದನ್ನು ಬಿಟ್ಟರು. ಕೀರ್ತನೆ ಹುಡುಕಿದರೆ ಇನ್ನೆಲ್ಲಿಗೋ ಎಳೆದೊಯ್ಯುವ ಇನ್ನೊಂದು ರೋಗವೂ ಆ ಕಂಪ್ಯೂಟರಿಗಿತ್ತು, ಅದು ಮಾತ್ರ ಹಾಗೇ ಉಳಿದಿತ್ತು. ಅದಕ್ಕೆ ಕಾರಣ ಹೋದ ಈಸ್ಟರಿಗೆ ಹಾಳೆಯ ಅಂಚಿಗೆ ಲಿಲ್ಲಿ ಹೂವು ಬೇಕೆಂದು ಅವರು ಸೇರಿಸಿಕೊಂಡ ಒಂದು ಚಿಕ್ಕ ಪ್ರೋಗ್ರಾಮು. ಹೂವು ಕೊಟ್ಟು ದಾರಿ ತಪ್ಪಿಸುತ್ತಿತ್ತು. ಅದನ್ನೂ ಅವರ ಕೈಯಿಂದಲೇ ತೆಗೆಸಿದೆ. ಪರದೆ ಗುಡಿಸಿದ ಅಂಗಳದಂತಾಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಸಮಿತಿ ಸೇರಿತು. ಕಂಪ್ಯೂಟರ್ ಸರಿಯಾಗಿದೆ ಎಂದು ನಾನು ಮೊದಲೇ ತಿಳಿಸಿದೆ. ಸಂತೋಷ ಎಂದರು, ಆದರೆ ವಿಷಯ ಅದಲ್ಲ ಎಂಬುದು ಎಲ್ಲರ ಮುಖದಲ್ಲಿತ್ತು. ಪಕ್ಕದ ಅಡುಗೆಮನೆಯಲ್ಲಿ ನೀಲಿ ಕೆನೆಯಲ್ಲಿ ಆರ್ಡಿಸ್ ಎಂದು ಬರೆದ ಕೇಕು ಆಗಲೇ ಬಂದು ಕೂತಿತ್ತು.

ವರ್ಲಿನ್ ಎದ್ದು, ಮೂವತ್ತೆಂಟು ವರ್ಷದ ದುಡಿಮೆಯನ್ನು ಹೊಗಳಿ, ಇನ್ನು ನೀವು ಆರಾಮಾಗಿರಬೇಕು ಎಂದ. ಬೇಡ, ನನಗೇನೂ ಭಾರವಾಗಿಲ್ಲ ಎಂದರು ಆರ್ಡಿಸ್. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊದಲನೆಯ ಬೇಡ ಹಾಗೇ ಇರಬೇಕು. ಮುದ್ರಣದವರು ಬಣ್ಣದಲ್ಲಿ ಅಚ್ಚು ಹಾಕುತ್ತಾರೆ, ನಿಮಗೆ ಚಳಿಯಲ್ಲಿ ಬರುವ ತಾಪತ್ರಯವಿಲ್ಲ ಎಂದ. ನಿಜವಾಗಿಯೂ ಬೇಡ ಎಂದರು. ಅದೂ ಸರಿಯಾಗಿಯೇ ಇತ್ತು. ಈ ಊರಿನಲ್ಲಿ ಜನ ಕೆಲಸದಿಂದ ಇಳಿಯುವುದೇ ಹೀಗೆ. ಗಾಯನದ ಮೇಳ ನಡೆಸುತ್ತಿದ್ದವರು, ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದವರು, ಎಲ್ಲರೂ ಮೂರನೆಯ ಮಾತಿಗೆ, ಸರಿ, ನೀವೆಲ್ಲ ಹೇಳುವುದಾದರೆ ಎಂದು ಇಳಿದು, ಚಪ್ಪಾಳೆಯ ನಡುವೆ ಕೇಕು ಕತ್ತರಿಸಿದವರು.

ವರ್ಲಿನ್ ದನಿ ತಗ್ಗಿಸಿದ. ಅದರಲ್ಲಿ ಪ್ರೀತಿಯಿತ್ತು, ಸುಳ್ಳಿರಲಿಲ್ಲ. "ಯೋಚ್ನೆ ಮಾಡಿ, ಆರ್ಡಿಸ್. ನಿಮಗೋಸ್ಕರಾನೇ ಕೇಳ್ತಿರೋದು."

ಅಡುಗೆಮನೆಯಲ್ಲಿ ಯಾರೋ ತಟ್ಟೆ ಜೋಡಿಸತೊಡಗಿದರು.

"ಬೇಡ, ವರ್ಲಿನ್," ಎಂದರು ಆರ್ಡಿಸ್. ತಟ್ಟೆಯ ಸದ್ದು ನಿಂತಿತು. ಅವರು ಎದ್ದು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡರು. "ನೀವು ಒಳ್ಳೇದಕ್ಕೇ ಕೇಳ್ತಿದೀರಿ, ಗೊತ್ತು. ಆದ್ರೆ ನಂಗೆ ಈ ಕೆಲ್ಸ ಬೇಕು."

ಬೇಕು ಎನ್ನುವ ಮಾತು ನಮ್ಮಲ್ಲಿ ಚಿಕ್ಕ ಮಕ್ಕಳ ಬಾಯಲ್ಲಿ ಬಿಟ್ಟರೆ ಕೇಳುವುದಿಲ್ಲ. ಮೂರನೆಯ ಬೇಡದ ಆಚೆಗೆ ಏನು ಮಾಡಬೇಕೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವರ್ಲಿನ್ ಕೈಯಲ್ಲಿದ್ದ ಕಾಗದ ನೋಡಿದ, ಅದರ ಹಿಂಬದಿಯನ್ನೂ ನೋಡಿದ.

"ಸರಿ," ಎಂದ ಕೊನೆಗೆ. "ಬೇಕು ಅಂದ್ಮೇಲೆ ಇನ್ನೇನಿದೆ. ಮುಂದಿನ್ದು, ಬಾಯ್ಲರ್ ರಿಪೇರಿ."

ಆರ್ಡಿಸ್ ಕೂತರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ, ಸೋಮವಾರ ಟೈಪು ಮಾಡಬೇಕಲ್ಲ, ಸರಿಯಾಗಿ ಬರೆದುಕೊಂಡೆಯಾ ಎಂದು ಪಿಸುಗುಟ್ಟಿದರು. ನಡಾವಳಿಯ ಪುಸ್ತಕವನ್ನು ಅವರತ್ತ ತಿರುಗಿಸಿದೆ. ಅವರು ಕನ್ನಡಕ ಹಾಕಿಕೊಂಡು, ಮಿಸೆಸ್ ಟಾಲೆಫ್ಸನ್ ಅವರಿಗೆ ಈ ಕೆಲಸ ಬೇಕು ಎಂಬ ಸಾಲನ್ನು ಎರಡು ಸಲ ಓದಿದರು.