ಅಪ್ಪನ ಉಗ್ಗು

ಅವಳ ಅಪ್ಪನಿಗೆ ಉಗ್ಗು. ಕಾರ್ಖಾನೆಯಲ್ಲಿ ಯಂತ್ರಗಳ ಗದ್ದಲದ ನಡುವೆ ಯಾರಿಗೂ ಮಾತು ಬೇಕಿರಲಿಲ್ಲ, ಅಲ್ಲಿ ಅವನು ಹಾಯಾಗಿದ್ದ. ಹೊರಗೆ ಕಾಲಿಟ್ಟರೆ ಮಗಳು ಜೊತೆಗಿರಬೇಕು. ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ ಅವನು ಅವಳ ಭುಜ ಮೆಲ್ಲಗೆ ಒತ್ತುತ್ತಿದ್ದ. ಅವಳು ಮುಖ ನೋಡಿಯೇ ಅವನ ಮಾತು ಮುಗಿಸಿಬಿಡುತ್ತಿದ್ದಳು.

ಅವನು ನಿವೃತ್ತನಾದ ದಿನ ಜೊತೆಯವರು ಕೈಗಡಿಯಾರ ಕೊಟ್ಟು, "ಎರಡು ಮಾತಾಡಯ್ಯ" ಎಂದರು. ಎದ್ದು ನಿಂತವನು "ಗೆಳೆಯರೇ" ಎನ್ನಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಕುಳಿತವರು ನೆಲ ನೋಡತೊಡಗಿದರು. ಆಗ ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಅವನ ಪಕ್ಕಕ್ಕೆ ಬಂದು, ಅವನು ಹೇಳಬೇಕೆಂದಿದ್ದನ್ನೆಲ್ಲ ಹೇಳಿದಳು. ಅವನು ತಲೆಯಾಡಿಸುತ್ತ ನಿಂತಿದ್ದ. ಮರುವರ್ಷ ತೀರಿಕೊಂಡ.

ಬೇರೆಯವರ ಬಾಯಿಗೆ ಮಾತು ಹುಡುಕುವುದು ಅವಳಿಗೆ ಹೀಗೆ ರೂಢಿಯಾಗಿತ್ತು. ಅದೇ ಕಸುಬೂ ಆಯಿತು. ಮೊದಲು ಒಂದು ಬ್ಯಾಂಕಿನ ಅಧ್ಯಕ್ಷರಿಗೆ ಭಾಷಣ ಬರೆದಳು, ಆಮೇಲೆ ಒಬ್ಬ ಮಂತ್ರಿಗೆ. ಅವರ ಕಚೇರಿಯ ಹಿಂಭಾಗದಲ್ಲಿ, ಝೆರಾಕ್ಸ್ ಯಂತ್ರದ ಪಕ್ಕ, ಅವಳಿಗೊಂದು ಮೇಜು. ಮಂತ್ರಿಗೆ ಎಲ್ಲಿ ಉಸಿರು ಸಾಲದು, ಯಾವ ಪದ ನಾಲಿಗೆಯಲ್ಲಿ ಜಾರುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. "ನಾನು ಬರೀ ಬಾಯಿ. ತಲೆ ಹಿಂದಿನ ರೂಮಲ್ಲಿ ಕೂತಿದೆ," ಎಂದು ಅವರು ಬಂದವರ ಮುಂದೆ ತಮಾಷೆ ಮಾಡುತ್ತಿದ್ದರು.

ಒಂದು ಚುನಾವಣೆ ಕೈತಪ್ಪುವ ಹಾಗಿತ್ತು. ಮಂತ್ರಿಗೆ ಬಡವರ ಕಷ್ಟ ಗೊತ್ತಿಲ್ಲ ಎಂಬ ಮಾತು ಊರೆಲ್ಲ ಹಬ್ಬಿತ್ತು. "ಎದೆಗೆ ತಟ್ಟೋ ಥರ ಏನಾದ್ರೂ ಕೊಡಮ್ಮ," ಎಂದರು. ಬೇರೇನೂ ಹೊಳೆಯದೆ ಅವಳು ಅಪ್ಪನ ನಿವೃತ್ತಿಯ ದಿನವನ್ನು ಬರೆದುಕೊಟ್ಟಳು. ಮಗಳಿದ್ದ ಕಡೆ ಮಗ ಎಂದು ಮಾಡಿದಳು, ಅಷ್ಟೇ.

ತುಂಬಿದ ಮೈದಾನ ಉಸಿರು ಬಿಗಿಹಿಡಿದು ಕೇಳಿತು. ಕಾಗದದಲ್ಲಿಲ್ಲದ ಒಂದನ್ನು ಮಂತ್ರಿ ತಾವಾಗಿಯೇ ಸೇರಿಸಿದರು. ಕಣ್ಣು ಮುಚ್ಚಿ, ಗದ್ದ ನಡುಗಿಸಿ, "ಗೆ... ಗೆ... ಗೆಳೆ..." ಎಂದು ಉಗ್ಗಿ ತೋರಿಸಿದರು.

ಮನೆಯಲ್ಲಿ ಅಮ್ಮ ಟಿವಿಯ ಮುಂದೆ ಒಗೆದ ಬಟ್ಟೆ ಮಡಿಸುತ್ತಿದ್ದಳು.

"ಅವರಪ್ಪಂಗೂ ಉಗ್ಗಾ?"

ಮಗಳು ರಾಶಿಯಿಂದ ಒಂದು ಸೀರೆ ಎತ್ತಿ ಮಡಿಸತೊಡಗಿದಳು.

"ನಿಮ್ಮಪ್ಪ ಕಣ್ಣು ಮುಚ್ತಿರ್ಲಿಲ್ಲ," ಎಂದಳು ಅಮ್ಮ. ಟಿವಿ ಆರಿಸಿ ಮತ್ತೆ ಬಟ್ಟೆಗೆ ಕೈ ಹಾಕಿದಳು.

ಮಂತ್ರಿ ಗೆದ್ದರು. ಅಂದಿನಿಂದ ಯಾವ ವೇದಿಕೆ ಹತ್ತಿದರೂ ಅದೇ ಕತೆ. ಅವಳು ಬರೆಯದೆ ಬಿಟ್ಟರೂ ಅವರು ಬಿಡುತ್ತಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಅವರ ಕೋಣೆಗೆ ಹೋದಳು.

"ಸರ್, ಅದನ್ನ ಇನ್ನು ಬಿಟ್ಬಿಡೋಣ. ಅದು ನಮ್ಮಪ್ಪನ ವಿಷಯ."

ಮಂತ್ರಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ನಿಮ್ಮಪ್ಪಂಗೂ ಉಗ್ಗಿತ್ತಾ? ಇಷ್ಟು ವರ್ಷ ಹೇಳ್ಲೇ ಇಲ್ವಲ್ಲಮ್ಮ. ಹಾಗಾದ್ರೆ ನನ್ನ ಸಂಕಟ ನಿಂಗೆ ಅರ್ಥ ಆಗುತ್ತೆ."

ಅವರ ಕಣ್ಣು ತುಂಬಿ ಬಂದಿತ್ತು. ನಟನೆಯಾಗಿದ್ದರೆ ಅವಳು ಹಿಡಿದುಬಿಡುತ್ತಿದ್ದಳು. ಅವರಿಗೆ ಎಲ್ಲಿ ಗಂಟಲು ಗದ್ಗದವಾಗಬೇಕೆಂದು ಬರೆದುಕೊಟ್ಟವಳೇ ಅವಳು. ಅದು ನಟನೆಯಾಗಿರಲಿಲ್ಲ. ಬಾಗಿಲು ಎಳೆದುಕೊಂಡು ಹೊರಗೆ ಬಂದಳು.

ಆಮೇಲೆ ಶುರುವಾಯಿತು ಕಾಟ. ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಅಪ್ಪನನ್ನು ನೆನೆದರೆ ಸಾಕು, ಅವನು ಕಣ್ಣು ಮುಚ್ಚಿಕೊಂಡೇ ಎದುರಾಗುತ್ತಿದ್ದ. ಬಾಯಿ ತೆರೆದರೆ ಮಂತ್ರಿಯ ಧ್ವನಿ. ನಿಜವಾದ ಧ್ವನಿಗಾಗಿ ಎಷ್ಟು ತಡಕಾಡಿದರೂ ಸಿಗಲಿಲ್ಲ. ಟೇಪ್ ರೆಕಾರ್ಡರ್ ಕಂಡರೆ ಎದ್ದು ಹೋಗುತ್ತಿದ್ದ ಮನುಷ್ಯ ಅವನು. ಅವನ ಮಾತು ಎಲ್ಲೂ ಉಳಿದಿರಲಿಲ್ಲ.

ಕೆಲವು ವರ್ಷಗಳ ನಂತರ ಮಂತ್ರಿ ಹೃದಯಾಘಾತದಿಂದ ಸತ್ತರು. ಶೋಕಸಭೆಗೆ ಭಾಷಣ ಬರೆಸಿಕೊಳ್ಳಲು ಅವರ ಮಗ ಬಂದ.

"ನಮ್ಮ ತಾತನ ಉಗ್ಗಿನ ಕತೆ ಇರ್ಲೇಬೇಕು, ಮೇಡಂ. ಜನ ಅದನ್ನೇ ಕಾಯ್ತಿರ್ತಾರೆ."

"ನಿಮ್ಮ ತಾತ ಉಗ್ಗ್ತಿದ್ದದ್ದು ನೀವು ಕೇಳಿದ್ದೀರಾ?"

"ನಾನು ಹುಟ್ಟೋ ಮುಂಚೆನೇ ಹೋಗ್ಬಿಟ್ರು. ಅಪ್ಪ ಹೇಳಿದ್ದಷ್ಟೇ ಗೊತ್ತು," ಎಂದು ಅವನು ಕರವಸ್ತ್ರದಿಂದ ಮೂಗು ಒರೆಸಿಕೊಂಡ.

ಹೆತ್ತವನನ್ನು ಕಳೆದುಕೊಂಡು ಕೂತ ಹುಡುಗನಿಗೆ ಏನೆಂದು ಹೇಳುವುದು? ಕತೆಯನ್ನು ಬಿಟ್ಟು ಉಳಿದದ್ದನ್ನು ಚೆನ್ನಾಗಿ ಬರೆದುಕೊಟ್ಟಳು. ಅವನು ವೇದಿಕೆಯ ಮೇಲೆ ಹಾಳೆ ಮಡಿಚಿಟ್ಟು, ತನ್ನ ಅಪ್ಪನ ಹಾಗೆಯೇ ಗದ್ದ ನಡುಗಿಸಿದ. ಹಿಂದಿನ ಸಾಲಿನಲ್ಲಿದ್ದ ಅವಳು ಎದ್ದು ಹೊರಗೆ ನಡೆದಳು. ಮರುದಿನ ರಾಜೀನಾಮೆ ಕೊಟ್ಟಳು. ಈಗ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಾಳೆ. ಅಲ್ಲಿ ಯಾರೂ ಯಾವುದನ್ನೂ ಗಟ್ಟಿಯಾಗಿ ಓದುವುದಿಲ್ಲ.

ಒಂದು ಭಾನುವಾರ ಅಮ್ಮನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಕೇಳಿದಳು, "ಅಪ್ಪ ನನ್ನ ಹೆಂಗೆ ಕರೀತಿದ್ರಮ್ಮ?"

"ನಿನ್ನ ಹೆಸರಿನ ಮೊದಲಕ್ಷರನೇ ಅವ್ರಿಗೆ ಹತ್ತೋಕಾಗದ ಬೆಟ್ಟ. ಸುಲಭದ್ದೊಂದು ಇಡೋಣ ಅಂದೆ. 'ಹೆಸರು ಅವಳಿಗೆ, ಕಷ್ಟ ನಂಗೆ, ಇರ್ಲಿ ಬಿಡು' ಅಂದ್ರು. ಅಷ್ಟು ಹೇಳೋದ್ರೊಳಗೆ ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು."

"ಹೆಂಗಂದ್ರು? ಒಂದ್ಸಲ ಹಂಗೇ ಹೇಳು."

ಅಮ್ಮ ತಿರುಗಿ ನೋಡಲಿಲ್ಲ. "ಇಲ್ಲ ಕಣೇ. ಮೂವತ್ತು ವರ್ಷ ಜೊತೆಗಿದ್ದೆ. ಅವರನ್ನ ಒಂದಿನಾನೂ ಅಣಕಿಸಿದವಳಲ್ಲ."

ಮಗಳು ಒತ್ತಾಯ ಮಾಡಲಿಲ್ಲ. ಬಾಚಣಿಗೆ ತೆಗೆದುಕೊಂಡು, ಅಮ್ಮನ ತೆಳ್ಳಗಾದ ಕೂದಲಿನ ಸಿಕ್ಕು ಬಿಡಿಸತೊಡಗಿದಳು.