ಒಂಟಿ ಕುರಿಯ ಕಥೆ ಹಿಡಿದು ಬೀಳಗಿಗೆ

ಬನಹಟ್ಟಿಯಿಂದ ಬೆಳಗಿನ ಏಳರ ಬಸ್ಸಿಗೆ ಹೊರಟೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಕೂರಲು ಮಾತ್ರ ಜಾಗವಿಲ್ಲ. ಜಮಖಂಡಿಯವರೆಗೆ ನಿಂತೇ ಬಂದೆ. ಮೊಣಕಾಲು ಬಾತಿತ್ತು. ಸ್ಟ್ಯಾಂಡಿನಲ್ಲಿ ಕುಳಿತು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ತಿಂದು, ಚಹಾ ಕುಡಿದು ಬೀಳಗಿ ಬಸ್ಸು ಹಿಡಿದೆ.

ನಾನು ಮಗ್ಗದ ಮನೆಯಲ್ಲಿ ನೂಲು ಸುತ್ತಿದವಳು. ಐವತ್ತು ದಾಟಿದ ಮೇಲೆ ಮೊಮ್ಮಗಳ ಅಂಕಲಿಪಿ ನೋಡಿ ಅಕ್ಷರ ಕಲಿತೆ. ಒತ್ತಕ್ಷರ ಈಗಲೂ ತಪ್ಪುತ್ತವೆ. ಮಕ್ಕಳಿಗೆಂದು ಬರೆದ ಮೂರು ಪುಸ್ತಕ ಅಚ್ಚಾಗಿವೆ. ಅಚ್ಚಿಗೆ ಕೊಡುವ ಮೊದಲು ಗುರುತಿಲ್ಲದ ಮಕ್ಕಳ ಮುಂದೆ ಓದುತ್ತೇನೆ. ನಮ್ಮೂರಿನವು ಪೆಪ್ಪರಮೆಂಟಿನ ಆಸೆಗೆ ಎಲ್ಲದಕ್ಕೂ ಛಲೋ ಅನ್ನುತ್ತವೆ. ನಾಲ್ಕನೆಯದಕ್ಕೆ ಎಂಟು ತಿಂಗಳು ಹಿಡಿದಿತ್ತು. ಬೀಳಗಿಯ ಮಕ್ಕಳು ಹೂಂ ಅಂದರೆ ಅದನ್ನು ಅಚ್ಚಿಗೆ ಕೊಟ್ಟು ಪೆನ್ನು ಕೆಳಗಿಡುವುದೆಂದು ಹೊರಟಿದ್ದೆ. ಸಾಕಾಗಿತ್ತು.

ಬೀಳಗಿಯ ಶಾಲೆಯಲ್ಲಿ ಹೆಚ್ಚಿನವು ಕುರಿ ಸಾಕುವವರ ಮಕ್ಕಳು. ನನ್ನ ಕಥೆಯಲ್ಲಿ ಕುರಿಯೊಂದು ಹಿಂಡು ಬಿಟ್ಟು ಒಂಟಿಯಾಗಿ ಹೊಳೆಗೆ ಹೋಗುತ್ತದೆ, ಕುರಿಗಾರ ಬರುವತನಕ ದಂಡೆಯಲ್ಲಿ ಕಾಯುತ್ತದೆ. ಓದಿ ಮುಗಿಸಿದೆ. ಯಾರೂ ಹೂಂ ಅನ್ನಲಿಲ್ಲ. ಬೀರವ್ವನೆಂಬ ಹುಡುಗಿ ಎದ್ದು ನಿಂತಳು.

"ಅಜ್ಜಿ, ನಿಮ್ಮನ್ಯಾಗ ಕುರಿ ಅದಾವೇನ್ರಿ?"

"ಇಲ್ಲವಾ. ಮಗ್ಗ ಅದಾವ."

"ಅದಕ್ಕ ಮತ್ತ! ಕುರಿ ಒಂದ ಹೋಗೂದಿಲ್ರಿ. ಒಂದು ಹೊಂಟ್ರ ಎಲ್ಲಾ ಬೆನ್ನ ಹತ್ತತಾವ."

ಮಕ್ಕಳೆಲ್ಲ ನಕ್ಕರು. ಟೀಚರ್ ಗದರಿದರು, "ಸುಮ್ಮ ಕುಂದರ ಬೇ. ಅಜ್ಜಿ ಪುಸ್ತಕ ಬರದಾರ."

"ಬರದ್ರ ಕುರಿ ಕೇಳತಾವೇನ್ರಿ ಟೀಚರ್?"

ಎಂಟು ತಿಂಗಳು ನನಗೆ ಹೊಳೆಯದ ಮಾತು. ನಾನೇ ಕೇಳಿದೆ, "ಆಡು ಅಂತ ಬರದ್ರ ನಡೀತೈತೇನವಾ?"

"ಆಡು ಒಂದ ಹೋಗತೈತ್ರಿ. ಆದ್ರ ನೀವು ಹೇಳಿದಂಗ ಕಾಯ್ಕೋತ ಕುಂದರಂಗಿಲ್ಲ."

ಅಲ್ಲಿಗೆ ಕಥೆಯ ಕೊನೆಯೂ ಹೋಯಿತು. ಪೆಪ್ಪರಮೆಂಟು ಹಂಚಿ ಎದ್ದೆ.

ಮುಧೋಳದ ಹಾದಿಯಾಗಿ ಊರಿಗೆ ಹೊರಟೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಈ ಸಲ ಸೀಟು ಸಿಕ್ಕಿತ್ತು. ವಹಿ ತೆಗೆದು ಬರೆದ ಹಾಳೆಗಳನ್ನು ಹರಿದೆ.

ಪಕ್ಕದವಳು ಕೇಳಿದಳು, "ಏನ್ ಹರಿಯಾಕತ್ತೀರಿ, ಆಯಿ?"

"ಕುರಿ," ಅಂದೆ. ಅವಳು ಆಚೆ ಸರಿದು ಕುಳಿತಳು.

ಓಡುವ ಬಸ್ಸಿನಲ್ಲಿ ನನಗೆ ಬರೆಯಲು ಬರುವುದಿಲ್ಲ. ಬಸ್ಸು ನಿಂತಾಗಲೆಲ್ಲ ಒಂದೊಂದು ಶಬ್ದ ಬರೆದೆ. ಬನಹಟ್ಟಿ ಮುಟ್ಟುವಷ್ಟರಲ್ಲಿ ಎರಡು ಸಾಲಾಗಿದ್ದವು: ಒಂದು ಆಡು ಇತ್ತು. ಅದು ಯಾರಿಗಾಗಿಯೂ ಕಾಯುತ್ತಿರಲಿಲ್ಲ.